ಬಿಚ್ಚಿ ಜೋಡಿಸುವ ಫೋನು

ಕೆಟ್ಟುಹೋಗಲಿ ಎಂದು ಮನಸ್ಸಿನಲ್ಲೇ ಹಾರೈಸಿಕೊಂಡು ಸಾಮಾನು ಕೊಳ್ಳುವವರು ಈ ಲೋಕದಲ್ಲಿ ಎಷ್ಟು ಜನ ಇದ್ದಾರೋ ನನಗೆ ತಿಳಿಯದು. ನಾನಂತೂ ಒಬ್ಬ. ಹೋದ ವರ್ಷ ನಾನೊಂದು ಫೋನು ಕೊಂಡೆ. ಬಿಚ್ಚಿ ಜೋಡಿಸಬಹುದಾದ ಫೋನು. ಬ್ಯಾಟರಿ ಸತ್ತರೆ ಬ್ಯಾಟರಿಯನ್ನಷ್ಟೇ, ಪರದೆ ಒಡೆದರೆ ಪರದೆಯನ್ನಷ್ಟೇ, ಸ್ಪೀಕರು ಗೊರಗೊರ ಎಂದರೆ ಸ್ಪೀಕರನ್ನಷ್ಟೇ ತರಿಸಿಕೊಂಡು, ಒಂದು ಪುಟ್ಟ ಸ್ಕ್ರೂಡ್ರೈವರಿನಿಂದ ಮನೆಯಲ್ಲೇ ಬದಲಾಯಿಸಿಕೊಳ್ಳಬಹುದು. ಫೋನಿನ ಜೊತೆಗೇ ಸ್ಕ್ರೂಡ್ರೈವರನ್ನೂ ತಂದಿಟ್ಟುಕೊಂಡು ನಾನು ಕಾಯತೊಡಗಿದೆ. ಏನೂ ಕೆಡಲಿಲ್ಲ. ಸೈಕಲ್ ತುಳಿಯುವಾಗ ಇಟ್ಟಿಗೆ ಹಾಸಿದ ರಸ್ತೆಯ ಮೇಲೆ ಬಿತ್ತು; ಎತ್ತಿಕೊಂಡು ನೋಡಿದರೆ ಹವಾಮಾನದ ವರದಿ ತೋರಿಸುತ್ತ ಹಾಯಾಗಿತ್ತು. ಸಮುದ್ರದಂಡೆಯ ಮರಳು ಹೊಕ್ಕಿತು; ಊದಿದರೆ ಹೊರಬಂತು. ಅದೇ ವರ್ಷ ನನ್ನ ಹೆಂಡತಿ ವಿದ್ಯಾಳ ಫೋನು, ಯಾರೂ ಬಿಚ್ಚಲಾಗದಂತೆ ಅಂಟು ಹಾಕಿ ಮುಚ್ಚಿದ ಮಾಮೂಲಿ ಫೋನು, ಎರಡು ಸಲ ಒಡೆಯಿತು. ನಾನು ಆಸೆಯಿಂದ ಸ್ಕ್ರೂಡ್ರೈವರು ಹಿಡಿದು ಹೋದರೆ ಅದಕ್ಕೆ ಒಂದು ಸ್ಕ್ರೂ ಕೂಡ ಇರಲಿಲ್ಲ. "ನೀನು ಫೋನ್ ತಗೊಂಡಿದ್ದು ಮಾತಾಡೋಕಾ, ಬಿಚ್ಚೋಕಾ?" ಎಂದು ವಿದ್ಯಾ ಕೇಳಿದಳು. ನಾನು ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಈ ಚಟಕ್ಕೆ ನನ್ನ ಕೆಲಸವೂ ಕಾರಣವಿರಬೇಕು. ಡಚ್ಚರ ನಾಡಿನ ನೂರ್ಡ್‌ವೈಕ್ ಎಂಬ ಊರಿನಲ್ಲಿ ಉಪಗ್ರಹಗಳ ಭಾಗಗಳನ್ನು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ನಾನು ಎಂಜಿನಿಯರು. ಇಷ್ಟು ಹೇಳಿದರೆ ಮೈಸೂರಿನ ನಮ್ಮ ನೆಂಟರಿಗೆ ನಾನು ಇನ್ನೇನು ರಾಕೆಟ್ಟು ಹತ್ತುತ್ತೇನೆ ಎನ್ನಿಸುತ್ತದೆ. ನಿಜವೆಂದರೆ ಒಂದು ದೇಶದವರು ಒಂದು ಪೆಟ್ಟಿಗೆ ಮಾಡುತ್ತಾರೆ, ಇನ್ನೊಂದು ದೇಶದವರು ಇನ್ನೊಂದು ಪೆಟ್ಟಿಗೆ ಮಾಡುತ್ತಾರೆ, ಎರಡೂ ಸೇರುವ ಜಾಗದಲ್ಲಿ ತೂತಿಗೆ ತೂತು, ಪಿನ್ನಿಗೆ ಪಿನ್ನು ಸರಿಹೊಂದುತ್ತದೆಯೇ ಎಂದು ನೋಡುವುದಷ್ಟೇ ನನ್ನ ಪಾಲಿನ ಕೆಲಸ. ಮದುವೆಮನೆಯಲ್ಲಿ ಎರಡು ಕಡೆಯ ಬೀಗರ ನಡುವೆ ಓಡಾಡುತ್ತ, ಯಾರಿಗೂ ಮುನಿಸು ಬಾರದಂತೆ ಕಾಫಿ ಕಳಿಸುತ್ತಿರುವ ಸೋದರಮಾವ ಇರುತ್ತಾನಲ್ಲ, ಅವನ ಕೆಲಸ. ಪೆಟ್ಟಿಗೆಯ ಒಳಗೆ ಏನಿದೆ ಎಂದು ನಾನು ಕೇಳುವಂತಿಲ್ಲ. ಹೊರಗಿನ ಅಳತೆ ಸರಿಯಿದ್ದರೆ ಸರಿ. ಒಂದು ಪೆಟ್ಟಿಗೆ ಕೆಟ್ಟರೆ ಅದನ್ನಷ್ಟೇ ತೆಗೆದು ಇನ್ನೊಂದನ್ನು ಕೂರಿಸಬಹುದು. ಇದಕ್ಕೆ ಮಾಡ್ಯುಲರ್ ವಿನ್ಯಾಸ ಎಂದು ದೊಡ್ಡ ಹೆಸರು.

ಹೆಸರು ದೊಡ್ಡದಾದರೂ ವಿಷಯವನ್ನು ನಾನು ಕಲಿತದ್ದು ನಮ್ಮಮ್ಮನ ಅಡುಗೆಮನೆಯಲ್ಲಿ, ಮಿಕ್ಸಿಯಿಂದ. ಕೆಳಗೆ ಒಂದು ಮೋಟರು, ಮೇಲೆ ಮೂರು ಜಾರು. ದೋಸೆಹಿಟ್ಟಿಗೊಂದು, ಪುಡಿಗೊಂದು, ಚಟ್ನಿಗೊಂದು. ಒಮ್ಮೆ ಚಟ್ನಿ ಜಾರಿನ ತಳ ಸವೆದುಹೋಗಿ ಅಮ್ಮ ಪಕ್ಕದ ಮನೆಯವರ ಜಾರನ್ನು ತಂದರು. ಅದು ಬೇರೆ ಕಂಪನಿಯದು, ಕೂರಲಿಲ್ಲ. ಅಮ್ಮ ಒತ್ತಿದರು. ಇನ್ನೂ ಒತ್ತಿದರು. ಕೂತಂತೆ ಕಂಡಿತು, ಸ್ವಿಚ್ಚು ತಿರುಗಿಸಿದರು. ಆಮೇಲೆ ಬಹಳ ಕಾಲ ನಮ್ಮ ಅಡುಗೆಮನೆಯ ಚಾವಣಿಯ ಮೇಲೆ ಕೊತ್ತಂಬರಿ ಚಟ್ನಿಯ ನಕ್ಷತ್ರಮಂಡಲವೊಂದಿತ್ತು. ನಾನು ಬಾಹ್ಯಾಕಾಶದ ಕಡೆಗೆ ತಲೆಯೆತ್ತಿ ನೋಡಿದ್ದು ಅದೇ ಮೊದಲು.

ಇರಲಿ, ಈಗ ಮಗಳ ವಿಷಯಕ್ಕೆ ಬರುತ್ತೇನೆ. ಅವಳಿಗೆ ನಾವು ಇಂಚರ ಎಂದು ಹೆಸರಿಟ್ಟೆವು, ಹಕ್ಕಿಯ ದನಿಯಂತೆ ಇಂಪಾಗಿರಲಿ ಎಂದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ನಮ್ಮ 'ಚ'ವನ್ನು ಡಚ್ಚರು ಗಂಟಲಿನಾಳದಿಂದ 'ಖ' ಮಾಡುತ್ತಾರಾದ್ದರಿಂದ ಶಾಲೆಯಲ್ಲಿ ಅವಳು ಇನ್‌ಖಾರಾ. ಇಂಪು ಹೋಗಿ ಖಾರ ಉಳಿಯಿತು. ನಾವು ಮೊದಲು ಡೀಮೆನ್ ಎಂಬ ಊರಿನ ಒಂದು ಫ್ಲಾಟಿನಲ್ಲಿದ್ದೆವು. ಅಲ್ಲಿಯ ಶಾಲೆಯಲ್ಲಿ ಇಂಚರ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಹೋದ ಬೇಸಿಗೆಯಲ್ಲಿ, ನನ್ನ ಓಡಾಟ ಕಡಿಮೆಯಾಗಲೆಂದು, ಕಚೇರಿಗೆ ಹತ್ತಿರದ ವೂರ್‌ಬರ್ಗಿಗೆ ಮನೆ ಬದಲಾಯಿಸಿದೆವು. ನಾವೇನೋ ಮಂಚ ಬಿಚ್ಚಿ ತಂದು ಜೋಡಿಸಿದೆವು, ಬೀರು ಬಿಚ್ಚಿ ತಂದು ಜೋಡಿಸಿದೆವು. ಹತ್ತು ವರ್ಷದ ಹುಡುಗಿಯ ಗೆಳತಿಯರನ್ನು ಬಿಚ್ಚಿ ತರಲು ಬರುವುದಿಲ್ಲವೆಂದು ನಮಗೆ ಹೊಳೆದದ್ದು ಆಮೇಲೆ. ಹೊಸ ಶಾಲೆಯಲ್ಲಿ ಇಂಚರ ಮಾತು ನಿಲ್ಲಿಸಿದಳು. ಲೆಕ್ಕ ಸರಿಯಾಗಿ ಮಾಡುತ್ತಿದ್ದಳು, ಬರೆಯುತ್ತಿದ್ದಳು, ಕೇಳಿದರೆ ತಲೆಯಾಡಿಸುತ್ತಿದ್ದಳು. ಅವಳ ಟೀಚರು ಮರೀಕ ನಮ್ಮನ್ನು ಕರೆಸಿ, "ಅವಳಿಗೆ ಎಲ್ಲ ಗೊತ್ತಿದೆ. ಆದರೆ ಅವಳ ದನಿ ಹೇಗಿದೆ ಅಂತ ನಮ್ಮ ತರಗತಿಗೆ ಇನ್ನೂ ಗೊತ್ತಿಲ್ಲ" ಎಂದು ಮೆದುವಾಗಿ ಹೇಳಿದರು.

ಅಷ್ಟರಲ್ಲಿ ಸ್ಪ್ರೇಕ್‌ಬರ್ಟ್ ಬಂತು. ಇಲ್ಲಿಯ ಶಾಲೆಗಳಲ್ಲಿ ಪ್ರತಿ ಮಗುವೂ ವರ್ಷಕ್ಕೊಮ್ಮೆ ತರಗತಿಯ ಮುಂದೆ ನಿಂತು ತನಗಿಷ್ಟವಾದ ವಿಷಯದ ಮೇಲೆ ಭಾಷಣ ಮಾಡಬೇಕು. ತಪ್ಪಿಸಿಕೊಳ್ಳುವಂತಿಲ್ಲ. ಇಂಚರ ಗಿನಿಯಿಲಿಯ ಬಗ್ಗೆ ಮಾತಾಡುತ್ತೇನೆಂದಳು. ಗಿನಿಯಿಲಿಯ ಬಗ್ಗೆ ಆಗಲೇ ಮೂವರು ಮಾತಾಡಿದ್ದಾರೆ, ಇನ್ನು ಆ ಪ್ರಾಣಿಯಲ್ಲಿ ಹೇಳದೆ ಉಳಿದದ್ದು ಏನೂ ಇಲ್ಲವೆಂದು ಮರೀಕ ಹೇಳಿದರಂತೆ. ನಾನು ಈ ಗಳಿಗೆಗಾಗಿಯೇ ಹುಟ್ಟಿದವನಂತೆ ಎದ್ದು ನಿಂತೆ. "ಮಾಡ್ಯುಲರ್ ಡಿಸೈನ್ ಬಗ್ಗೆ ಮಾತಾಡು. ನನ್ನ ಫೋನನ್ನ ಎಲ್ಲರ ಮುಂದೆ ಬಿಚ್ಚಿ, ಮತ್ತೆ ಜೋಡಿಸಿ ತೋರಿಸು!" ಇಂಚರ ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು. ಬಿಚ್ಚುವ ಕೆಲಸವಿದ್ದರೆ ಆಡುವ ಮಾತು ಅಷ್ಟು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿರಬೇಕು. "ಓಕೆ" ಎಂದಳು.

ಅಂದಿನಿಂದ ನಮ್ಮ ಊಟದ ಮೇಜು ಕಾರ್ಖಾನೆಯಾಯಿತು. ಆಗ ನಮ್ಮ ಮನೆಯಲ್ಲಿ ಧಾರವಾಡದಿಂದ ನಮ್ಮ ಅತ್ತೆ, ಅಂದರೆ ವಿದ್ಯಾಳ ತಾಯಿ, ಬಂದಿದ್ದರು. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿ ಅವರಿಗೆ ಆಗಿತ್ತೇ ಹೊರತು ಅವರ ಗಂಟಲಿಗೆ ಆಗಿರಲಿಲ್ಲ. "ಅಳಿಯಂದ್ರ, ಛಲೋ ನಡಿಯೋ ಫೋನದು. ಅದನ್ಯಾಕ ಬಿಚ್ಚಲಿಕ್ಕತ್ತೀರಿ?" ಎಂದು ಕೇಳಿದರು. ನಾನು ಮಾಡ್ಯುಲರ್ ವಿನ್ಯಾಸದ ಮಹಿಮೆಯನ್ನು ಉಪಗ್ರಹದಿಂದ ಮಿಕ್ಸಿಯವರೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, "ಅದೆಲ್ಲಾ ಖರೆ. ಹೊಳ್ಳಿ ಕೂಡ್ತದಿಲ್ಲೋ?" ಎಂದರು. ನನ್ನ ಕಚೇರಿಯಲ್ಲಿ ದೊಡ್ಡ ದೊಡ್ಡ ಸಭೆಗಳಲ್ಲಿ ಕೊನೆಗೆ ಉಳಿಯುವ ಪ್ರಶ್ನೆಯೂ ಇಷ್ಟೇ: ಮತ್ತೆ ಜೋಡಣೆಯಾಗುತ್ತದೋ ಇಲ್ಲವೋ?

ಫೋನಿನ ಹೊಟ್ಟೆಯಲ್ಲಿ ಏನೇನಿತ್ತೆಂದರೆ: ಬ್ಯಾಟರಿ, ಪರದೆ, ಸ್ಪೀಕರು, ಹಿಂದಿನ ಕ್ಯಾಮೆರಾ, ಕಡಲೆಕಾಳಿನಷ್ಟು ಸಣ್ಣ ಮುಂದಿನ ಕ್ಯಾಮೆರಾ, ಇವನ್ನೆಲ್ಲ ಹಿಡಿದಿಟ್ಟ ಸಾಸಿವೆಯಂಥ ಸ್ಕ್ರೂಗಳು. ಇವು ಉರುಳಿಹೋಗದಂತೆ ಇಂಚರ ಅಡುಗೆಮನೆಯಿಂದ ಹಳೆಯ ಮಸಾಲೆ ಡಬ್ಬಿಯನ್ನು ತಂದಳು. ಒಂದೊಂದು ಬಟ್ಟಲಿಗೆ ಒಂದೊಂದು ಭಾಗ. ತೊಳೆದರೂ ಇಂಗಿನ ವಾಸನೆ ಹೋಗಲಿಲ್ಲ. ನಾನು ಪಕ್ಕದಲ್ಲಿ ಕೂತು, "ಹಾಗಲ್ಲ, ಹೀಗೆ ಹಿಡಿ", "ಮೊದಲು ಇತಿಹಾಸ ಹೇಳು", "ಸ್ಲೈಡಿನಲ್ಲಿ ಉಪಗ್ರಹದ ಚಿತ್ರ ಹಾಕೋಣ" ಎನ್ನುತ್ತಿದ್ದೆ. ಸ್ಲೈಡುಗಳು ಮೂವತ್ತು ದಾಟಿದವು. ಒಂದು ಭಾನುವಾರ ಇಂಚರ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, "ಅಪ್ಪಾ, ಇದು ನಿನ್ನ ಸ್ಪ್ರೇಕ್‌ಬರ್ಟಾ, ನಂದಾ?" ಎಂದು ಕೇಳಿದಳು. ವಿದ್ಯಾ ನನ್ನ ಮುಂದಿದ್ದ ಲ್ಯಾಪ್‌ಟಾಪನ್ನು ಮುಚ್ಚಿದಳು. ಉಳಿದದ್ದನ್ನು ತಾಯಿ ಮಗಳು ಸೇರಿ ಮಾಡಿದರು. ಸ್ಲೈಡುಗಳು ನಾಲ್ಕಕ್ಕೆ ಇಳಿದವು. ಉಪಗ್ರಹಕ್ಕೆ ಜಾಗ ಸಿಗಲಿಲ್ಲ.

ಭಾಷಣದ ದಿನ ತಂದೆತಾಯಿಗಳನ್ನು ಸಾಮಾನ್ಯವಾಗಿ ಕರೆಯುವುದಿಲ್ಲ. ಬಿಚ್ಚುವ ಸಾಮಾನು ಇರುವುದರಿಂದ ಒಬ್ಬರು ಬರಬಹುದು ಎಂದು ಮರೀಕ ಒಪ್ಪಿದರು. ನಾನು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ಕೊನೆಯ ಸಾಲಿನ ಹಿಂದೆ ಗೋಡೆಗೊರಗಿ ನಿಂತೆ. ಇಂಚರ ಮುಂದೆ ಬಂದಳು. ಮಸಾಲೆ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಸುಮ್ಮನೆ ನಿಂತಳು. ತರಗತಿ ಕಾಯಿತು. ಹೊರಗೆ ಟ್ರಾಮೊಂದು ಹಾದುಹೋದ ಸದ್ದು ಪೂರ್ತಿ ಕೇಳಿಸಿತು. ಮುಂದಿನ ಸಾಲಿನ ಲೊಟ್ಟ ಎಂಬ ಹುಡುಗಿ ಮೂಗರಳಿಸಿ, "ಸೂಪಿನ ವಾಸನೆ ಬರುತ್ತಿದೆ!" ಎಂದಳು. ಮಕ್ಕಳು ನಕ್ಕರು. ಇಂಚರಳಿಗೂ ನಗು ಬಂತು. "ಇದು ನಮ್ಮ ಮನೆಯ ಮಸಾಲೆ ಡಬ್ಬಿ" ಎಂದು ಡಚ್ಚಿನಲ್ಲಿ ಹೇಳಿದಳು. ಬಹಳ ಸಣ್ಣ ದನಿ. ಆದರೂ ದನಿ.

ಆಮೇಲೆ ಬಿಚ್ಚತೊಡಗಿದಳು. ಬಿಚ್ಚಿದಂತೆಲ್ಲ ಮಾತು ಬಂತು. ಇದು ಬ್ಯಾಟರಿ, ಇದು ಮುದಿಯಾದರೆ ಫೋನನ್ನೇ ಎಸೆಯಬೇಕಾಗಿಲ್ಲ. ಇದು ಪರದೆ, ನಿಮ್ಮ ಅಣ್ಣ ಇದರ ಮೇಲೆ ಕೂತರೆ ಇದೊಂದನ್ನೇ ಬದಲಾಯಿಸಬಹುದು. ಪ್ರತಿ ಭಾಗವನ್ನೂ ಮುಟ್ಟಿ ನೋಡಲು ಸಾಲುಸಾಲಿಗೆ ಕೊಟ್ಟಳು. ನನ್ನ ಫೋನು ಚೂರುಚೂರಾಗಿ ಇಪ್ಪತ್ತೈದು ಜೊತೆ ಅಂಟುಗೈಗಳಲ್ಲಿ ತರಗತಿಯ ತುಂಬ ಪ್ರಯಾಣ ಹೊರಟಿತು. ನನ್ನ ಬ್ಯಾಂಕು, ಸರ್ಕಾರದ ಲಾಗಿನ್ನು, ರೈಲಿನ ಟಿಕೆಟ್ಟು ಎಲ್ಲವೂ ಅದರಲ್ಲೇ. ನಾನು ಹಿಂದಿನಿಂದ ಪ್ರತಿ ಭಾಗದ ಮೇಲೂ ಕಣ್ಣಿಟ್ಟು, ಗೂಟಕ್ಕೆ ಕಟ್ಟಿದ ಕರುವಿನಂತೆ ಅತ್ತಿತ್ತ ಓಲಾಡುತ್ತಿದ್ದೆ.

ಭಾಗಗಳು ಒಂದೊಂದಾಗಿ ಡಬ್ಬಿಗೆ ಮರಳಿದವು. ಒಂದು ಬಟ್ಟಲು ಖಾಲಿ ಉಳಿಯಿತು. ಮುಂದಿನ ಕ್ಯಾಮೆರಾ ಇರಲಿಲ್ಲ. ಇಂಚರ ಕೇಳಿದಳು, ಮರೀಕ ಕೇಳಿದರು. ಮಕ್ಕಳೆಲ್ಲ ಮೇಜಿನ ಕೆಳಗೆ ನುಗ್ಗಿದರು. ಕೊನೆಯದಾಗಿ ಅದು ಹಿಂದಿನ ಸಾಲಿನ ಸೆಮ್ ಎಂಬ ಹುಡುಗನ ಕೈಯಲ್ಲಿತ್ತಂತೆ. ಪಾಪ, ಅವನು ಜೇಬು ಬೋರಲು ಹಾಕಿದ. ಒಂದು ಗೋಲಿ, ಒಂದು ಕಾಡುಹಣ್ಣಿನ ಬೀಜ, ಅರ್ಧ ಬಿಸ್ಕತ್ತು ಬಿದ್ದವು. ಕಿವಿಯೆಲ್ಲ ಕೆಂಪಾಗಿ ನನ್ನ ಕಡೆ ತಿರುಗಿ ಏನನ್ನೋ ಗಡಿಬಿಡಿಯ ಡಚ್ಚಿನಲ್ಲಿ ಪಿಸುಗುಟ್ಟಿದ. ಆ ಗದ್ದಲದಲ್ಲಿ ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಹುಡುಗ ಹೆದರಿದ್ದಾನೆ, ಕ್ಷಮೆ ಕೇಳುತ್ತಿದ್ದಾನೆ ಎಂದುಕೊಂಡು, ದೊಡ್ಡ ಮನಸ್ಸಿನಿಂದ ಅವನ ಭುಜ ತಟ್ಟಿ, "ಪರವಾಗಿಲ್ಲ, ಪರವಾಗಿಲ್ಲ" ಎಂದೆ. ಅವನ ಕಣ್ಣಲ್ಲಿ ನೀರು ತುಂಬಿತು. ನಾನು ಮುಂದೆ ಹೋಗಿ ಭಾಷಣವನ್ನು ಹೇಗಾದರೂ ಮುಗಿಸಿಕೊಡೋಣವೆಂದು ಹೆಜ್ಜೆಯಿಟ್ಟೆ. ಇಂಚರ ಅಲ್ಲಿಂದಲೇ ತಲೆಯಲ್ಲಾಡಿಸಿದಳು. ಬೇಡ ಎಂದು.

"ಕ್ಯಾಮೆರಾ ಇಲ್ಲದಿದ್ದರೂ ಉಳಿದದ್ದು ನಡೆಯಬೇಕು. ನೋಡೋಣ" ಎಂದಳು. ಜೋಡಿಸತೊಡಗಿದಳು. ಸ್ಪೀಕರು ಕೂತಿತು, ಪರದೆ ಕೂತಿತು, ಸ್ಕ್ರೂಗಳು ತಿರುಗಿದವು. ಬ್ಯಾಟರಿ ಹಾಕಿ ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಮಕ್ಕಳು ಎದ್ದು ಬಂದು ಮೇಜಿನ ಸುತ್ತ ಮುತ್ತಿದರು. ನಾನು ಮನೆದೇವರಿಗೆ ಏನೋ ಹರಕೆ ಹೊತ್ತೆ, ಈಗ ನೆನಪಿಲ್ಲ. ಪರದೆ ಬೆಳಗಿತು. ಮಕ್ಕಳು ಹೋ ಎಂದರು. ಇಂಚರ ನನ್ನ ಗುಪ್ತಸಂಖ್ಯೆಯನ್ನು ನೋಡದೆಯೇ ಒತ್ತಿದಳು. ಅದನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಅಷ್ಟರಲ್ಲಿ ಫೋನು ರಿಂಗಾಯಿತು. ಮನೆಯಲ್ಲಿ ಗಡಿಯಾರ ನೋಡುತ್ತ ಕೂತಿದ್ದ ನಮ್ಮ ಅತ್ತೆಗೆ ಇನ್ನು ತಡೆಯಲಾಗಿರಲಿಲ್ಲ. ವಿಡಿಯೊ ಕಾಲು. ಇಂಚರ ಹಸಿರು ಗುಂಡಿ ಒತ್ತಿದಳು.

"ಇಂಚರಾ! ಎಲ್ಲಿದ್ದೀಯವಾ? ನಿನ್ನ ಮಾರಿ ಕಾಣವಲ್ದು! ಬರೇ ಕರ್ರಗ ಕಾಣ್ಲಿಕ್ಕತ್ತದ!" ಧಾರವಾಡದ ಹಿಂದಿನ ಬೆಂಚುಗಳನ್ನು ನಡುಗಿಸಿದ ಗಂಟಲು ವೂರ್‌ಬರ್ಗಿನ ಶಾಲೆಯಲ್ಲಿ ಮೊಳಗಿತು.

ಇಂಚರ ಒಂದು ಕ್ಷಣ ಸುತ್ತ ನೋಡಿದಳು. ತರಗತಿಯಲ್ಲಿ ಅವಳು ಕನ್ನಡ ಆಡಿದ್ದು ಯಾರೂ ಕೇಳಿರಲಿಲ್ಲ. ಡಚ್ಚನ್ನೇ ಅವತ್ತಿನವರೆಗೆ ಕೇಳಿರಲಿಲ್ಲ. ಆಮೇಲೆ ಗಟ್ಟಿಯಾಗಿ, ಮನೆಯಲ್ಲಿ ಮಹಡಿಯಿಂದ ಕೂಗುವಂತೆ, "ಅಜ್ಜೀ, ಮುಂದಿನ ಕ್ಯಾಮೆರಾ ಕಳ್ದೋಯ್ತು! ಮಾತು ಕೇಳ್ಸತ್ತಾ?" ಎಂದಳು.

"ಕೇಳ್ತದ, ಕೇಳ್ತದ. ಹೊಳ್ಳಿ ಕೂಡ್ತೇನು?"

"ಕೂಡ್ತು ಅಜ್ಜೀ! ಕ್ಲಾಸಲ್ಲಿ ಎಲ್ರೂ ನಿನ್ ಮಾತು ಕೇಳ್ತಾ ಇದಾರೆ."

"ಯಾರು, ಇಡೀ ಕ್ಲಾಸೇನು? ಎಲ್ಲಾರೂ ಎದ್ದು ನಿಂತಾರ, ಪರದೇ ಮ್ಯಾಲೆ ಕಾಣ್ದಿದ್ರೂ ಗದ್ಲ ಕೇಳಿದ್ರ ಗೊತ್ತಾಗ್ತದ." ಆಮೇಲೆ ವರ್ಷಾನುಗಟ್ಟಲೆಯ ಅಭ್ಯಾಸ ತಾನಾಗಿ ಹೊರಬಂತು. "ಗುಡ್ ಮಾರ್ನಿಂಗ್, ಚಿಲ್ಡ್ರನ್! ಸಿಟ್ ಡೌನ್!"

ಇಡೀ ತರಗತಿ ಓಡಿಹೋಗಿ ತಂತಮ್ಮ ಜಾಗದಲ್ಲಿ ಕೂತಿತು. ಮರೀಕ ಕೂಡ ಕೂತರು. ಕುರ್ಚಿಯಿಲ್ಲದ ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡೆ. ಆಮೇಲೆ ಎದ್ದ ನಗು ಅಜ್ಜಿಗೂ ಕೇಳಿಸಿ ಅವರೂ ನಕ್ಕರು. ಅದು ಯಾವ ಭಾಷೆ, ಅಜ್ಜಿ ಏನೆಂದರು, 'ಮಾರಿ' ಅಂದರೇನು ಎಂದು ಪ್ರಶ್ನೆಗಳು ಸುರಿದವು. ಇಂಚರ ಅಜ್ಜಿಯ ಮಾತನ್ನು ಡಚ್ಚಿಗೆ, ಮಕ್ಕಳ ಮಾತನ್ನು ಕನ್ನಡಕ್ಕೆ ಮಾಡುತ್ತ, ಅತ್ತ ಇತ್ತ ತಿರುಗುತ್ತ, ನಿಲ್ಲಿಸದೆ ಮಾತಾಡಿದಳು. ಊಟದ ಬಿಡುವಿನ ಗಂಟೆ ಹೊಡೆದರೂ ಮರೀಕ ತಡೆಯಲಿಲ್ಲ. ನನಗೆ ಕನ್ನಡಕ ಮಸುಕಾಗಿ ಮುಂದಿನದು ಸರಿಯಾಗಿ ಕಾಣಿಸಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಸಂಜೆ ಮನೆಯಲ್ಲಿ ಹಬ್ಬದಂತೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ನಾನು ನನ್ನ ಮಗಳ ಸಾಹಸವನ್ನು, ನಡುನಡುವೆ ಸೆಮ್ ಎಂಬ ಹುಡುಗನಿಗೆ ನಾನು ತೋರಿಸಿದ ಔದಾರ್ಯವನ್ನು ಬಣ್ಣಿಸುತ್ತಿದ್ದೆ. "ಒಂದು ಕ್ಯಾಮೆರಾ ಹೋದರೆ ಹೋಯಿತು, ಹುಡುಗ ನೊಂದುಕೊಳ್ಳಬಾರದು" ಎಂದೆ. ಬಿಸಿ ಸಾರಿನ ಹಬೆಗೆ ಕನ್ನಡಕ ಮಬ್ಬಾಯಿತು. ಅಂಗಿಯ ಜೇಬಿನಿಂದ ಕನ್ನಡಕ ಒರೆಸುವ ಬಟ್ಟೆಯನ್ನು ತೆಗೆದು ಕೊಡವಿದೆ. ಅದರ ಮಡಿಕೆಯಿಂದ ಏನೋ ಹಾರಿ, ನನ್ನ ತಟ್ಟೆಯಲ್ಲಿ ಉಪ್ಪಿನಕಾಯಿಯ ಪಕ್ಕ ಬಿತ್ತು. ಕಡಲೆಕಾಳಿನಷ್ಟು ಸಣ್ಣದು.

"ಅಳಿಯಂದ್ರ, ಏನದು?" ಎಂದು ಅತ್ತೆ ಬಗ್ಗಿ ನೋಡಿದರು.

ಆಗ ಎಲ್ಲ ನೆನಪಾಯಿತು. ಸೆಮ್ ಆ ಕ್ಯಾಮೆರಾವನ್ನು ನೋಡಿ, ತನ್ನ ಹಿಂದೆ ಇನ್ಯಾವ ಸಾಲೂ ಇಲ್ಲದ್ದರಿಂದ, ಗೋಡೆಗೊರಗಿದ್ದ ನನ್ನ ಕೈಗೇ ಕೊಟ್ಟಿದ್ದ. ಅದರ ಮೇಲೆ ಬೆರಳಿನ ಗುರುತಾಗಿತ್ತು. ನಾನು ಬಟ್ಟೆ ತೆಗೆದು ಒರೆಸಿದ್ದೆ. ಒರೆಸಿ, ದಿನಕ್ಕೆಷ್ಟೋ ಸಲ ಮಾಡುವಂತೆ ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟಿದ್ದೆ. ಆಗ ನನ್ನ ಕಣ್ಣು ಆಚೆಯ ಸಾಲಿಗೆ ಹೋಗುತ್ತಿದ್ದ ಬ್ಯಾಟರಿಯ ಮೇಲಿತ್ತು. ಹುಡುಗ ಪಿಸುಗುಟ್ಟಿದ್ದು ಕ್ಷಮೆಯಲ್ಲ. ನಿಮಗೇ ಕೊಟ್ಟೆನಲ್ಲ ಎಂದು.

ವಿದ್ಯಾ ನಗು ತಡೆಯಲಾರದೆ ಅಡುಗೆಮನೆಗೆ ಎದ್ದುಹೋದಳು. ಇಂಚರ ನಗಲಿಲ್ಲ. "ಅಪ್ಪಾ, ಸೆಮ್ ಅಳ್ತಾ ಇದ್ದ. ಎಲ್ರೂ ಅವ್ನೇ ಕಳೆದಿದ್ದು ಅಂದ್ಕೊಂಡಿದಾರೆ" ಎಂದಳು.

"ನಾಳೆ ನೀನು ಹೇಳಿಬಿಡು ಪುಟ್ಟಿ, ಸಿಕ್ಕಿತು ಅಂತ."

"ನಾನ್ಯಾಕೆ? ನೀನೇ ಬಂದು ಹೇಳು. ಕ್ಲಾಸ್ ಮುಂದೆ. ಡಚ್ಚಲ್ಲಿ."

ನನ್ನ ಡಚ್ಚು ಬ್ರೆಡ್ಡು ಕೊಳ್ಳಲು, ಹವಾಮಾನ ಬೈಯಲು ಸಾಕಾಗುವಂಥದ್ದು. ಕಚೇರಿಯಲ್ಲೆಲ್ಲ ಇಂಗ್ಲಿಷು. ನಾನು ಅತ್ತೆಯ ಕಡೆ ದೀನನಾಗಿ ನೋಡಿದೆ. ಅವರು ಮೊಮ್ಮಗಳ ಕಡೆ ಸೇರಿದ್ದರು. "ಹೋಗಿ ಹೇಳ್ರಿ ಅಳಿಯಂದ್ರ, ಅಂಜೋದೇನದ? ಸಣ್ಣ ಹುಡುಗ್ರಿದ್ದಾವ" ಎಂದರು.

ಮತ್ತೆ ಅರ್ಧ ದಿನದ ರಜೆ. ತರಗತಿಯ ಮುಂದೆ ನಿಂತೆ. ಇಪ್ಪತ್ತೈದು ಜೊತೆ ನೀಲಿ, ಕಂದು, ಹಸಿರು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಕೊನೆಗೆ, ಕ್ಯಾಮೆರಾ ನನ್ನ ಜೇಬಿನಲ್ಲಿತ್ತು, ಸೆಮ್ ಸರಿಯಾಗಿಯೇ ಕೊಟ್ಟಿದ್ದ, ಸೆಮ್, ನನ್ನನ್ನು ಕ್ಷಮಿಸು ಎಂದು ಇಂಚರ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿದೆ. ಸೆಮ್‌ನ ಕಿವಿ ಮತ್ತೆ ಕೆಂಪಾಯಿತು, ಈ ಸಲ ಸಂತೋಷಕ್ಕೆ. ಪಕ್ಕದ ಹುಡುಗ ಅವನ ಬೆನ್ನಿಗೊಂದು ಗುದ್ದಿದ. ಆ ಗುದ್ದು ನೋಡಿ ನನಗೆ ಜೀವ ಬಂದಂತಾಯಿತು.

ಅಷ್ಟಕ್ಕೇ ಬಿಡಲಿಲ್ಲ. ಇಲ್ಲಿ ಯಾರು ಭಾಷಣ ಮಾಡಿದರೂ ಕೇಳಿದವರು ಒಂದು ಮೆಚ್ಚುಗೆ, ಒಂದು ಸಲಹೆ ಕೊಡಬೇಕಂತೆ. ಮರೀಕ ಗಂಭೀರವಾಗಿ ಕೇಳಿದರು. ಚಿಕ್ಕದಾಗಿತ್ತು, ಅದು ಚೆನ್ನಾಗಿತ್ತು ಎಂದು ಲೊಟ್ಟ ಮೆಚ್ಚಿದಳು. ಯಾರಾದರೂ ಕೈಗೆ ಏನಾದರೂ ಕೊಟ್ಟರೆ ನೋಡಿ ವಾಪಸ್ಸು ಕೊಡಬೇಕು ಎಂದು ಸೆಮ್ ಸಲಹೆ ಕೊಟ್ಟ. ತರಗತಿ ತಲೆದೂಗಿತು. "ಇನ್‌ಖಾರಾಳ ತಂದೆಗೆ ಪ್ರಶ್ನೆ ಯಾರಿಗಾದರೂ ಇದೆಯೇ?" ಎಂದು ಮರೀಕ ಕೇಳಿದ್ದೇ ತಡ, ಎಲ್ಲ ಸಾಲುಗಳಿಂದ ಕೈಗಳೆದ್ದವು. ನಾನು ಅಂಗಿ ಸರಿಪಡಿಸಿಕೊಂಡೆ. ಕಡೆಗೂ ಉಪಗ್ರಹಗಳ ಬಗ್ಗೆ ನಾಲ್ಕು ಮಾತು ಹೇಳುವ ಯೋಗ ಬಂತಲ್ಲ ಎಂದುಕೊಂಡು ಮೊದಲ ಕೈಯ ಕಡೆ ನಗುತ್ತ ತಲೆಯಾಡಿಸಿದೆ.

ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, ನನಗೂ ಅರ್ಥವಾಗುವಷ್ಟು ನಿಧಾನವಾಗಿ ಕೇಳಿದಳು: "ಮುಂದಿನ ಸಲ ನಿಮ್ಮ ಬದಲು ಅಜ್ಜಿ ಬರಬಹುದೇ?"

ಮೇಲಿದ್ದ ಉಳಿದ ಕೈಗಳೆಲ್ಲ ಒಟ್ಟಿಗೆ ಕೆಳಗಿಳಿದವು. ಎಲ್ಲರದೂ ಅದೇ ಪ್ರಶ್ನೆಯಾಗಿತ್ತು. ನಾನು ಹೂಂ ಎಂದೆ. ನನ್ನ ಭಾಷಣಕ್ಕೆ ಅದುವರೆಗೂ ಯಾರೂ ತಟ್ಟದಿದ್ದ ಚಪ್ಪಾಳೆಯನ್ನು ತರಗತಿ ಆಗ ತಟ್ಟಿತು.